ಸಸಿ ಮಡಿಗೆ ಎಳೆದ ಕೆಂಪು ಗೀರು

ಸಿಂಧನೂರು,
ಆಗಸ್ಟ್ 9, ಶುಕ್ರವಾರ

ಪ್ರೀತಿಯ ಅವ್ವಾ,

ನಿನ್ನ ಕಣ್ಣು ಹೇಗಿದೆ? ಆಪರೇಷನ್ ಆಗಿ ಹತ್ತು ದಿನವೂ ಆಗಿಲ್ಲ, ಆಗಲೇ ಕಪ್ಪು ಕನ್ನಡಕ ತೆಗೆದಿಟ್ಟು ರೊಟ್ಟಿ ಬಡಿಯಲು ಒಲೆ ಮುಂದೆ ಕೂತಿದ್ದೆಯಂತೆ. ಅಣ್ಣ ಹೇಳಿದ. ಲಿಂಗಸುಗೂರಿನಲ್ಲಿ ರೊಟ್ಟಿ ಬಡಿಯುವವರು ಬೇರೆ ಇದ್ದಾರೆ, ಸುಮ್ಮನೆ ಮಲಗು. ಹೊತ್ತುಹೊತ್ತಿಗೆ ಹನಿ ಹಾಕಿಸಿಕೋ. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಈ ಸಿಟ್ಟಿನಲ್ಲಿ ನನಗೂ ಪೂರ್ತಿ ಮಾತಾಡಲು ಆಗುವುದಿಲ್ಲ. ಅದಕ್ಕೇ ಈ ಕಾಗದ, ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ರಾತ್ರಿಯೇ ಸಿಗುತ್ತದೆ. ಸುಕನ್ಯಾ ಅತ್ತಿಗೆ ಓದಿ ಹೇಳುತ್ತಾರೆ.

ನಮ್ಮ ಶಾಲೆಯಲ್ಲಿ ನಡೆದದ್ದನ್ನು ಕೇಳು. ರಾಯಚೂರಿನಲ್ಲಿ ಮಕ್ಕಳಿಗೆ ಕನ್ನಡದ ಸ್ಪರ್ಧೆ ಇದೆ, ಶಾಲೆಗೊಬ್ಬರು ಮಾತ್ರ ಹೋಗಬಹುದು. ಯಾರನ್ನು ಕಳಿಸಬೇಕೆಂದು ಆರಿಸಲು ಪರೀಕ್ಷೆ ಮಾಡಿದೆವು. ಪ್ರಶ್ನೆಪತ್ರಿಕೆಯೂ ಉತ್ತರದ ಹಾಳೆಯೂ ಹೊರಗಿನಿಂದ ಅಚ್ಚಾಗಿ ಬಂದಿದ್ದವು. ‘ಮಡಿ’ ಎಂಬ ಪದಕ್ಕೆ ಮೂರು ಅರ್ಥ ಬರೆಯಬೇಕು. ಹಾಳೆಯಲ್ಲಿದ್ದದ್ದು ಶುಚಿ, ಸಾಯು, ಪಟ್ಟು. ತುರ್ವಿಹಾಳದಿಂದ ಬಸ್ಸಿನಲ್ಲಿ ಬರುವ ದೀಪಾ ಎಂಬ ಹುಡುಗಿ ಮೊದಲೆರಡನ್ನು ಬರೆದು, ಮೂರನೆಯದು ‘ಭತ್ತದ ಸಸಿ ಬೆಳೆಸುವ ಜಾಗ’ ಎಂದು ಬರೆದಿದ್ದಳು. ಅದಕ್ಕೆ ಕೆಂಪು ಗೀರು ಬಿತ್ತು. ಒಂದು ಅಂಕ ಹೋಯಿತು. ಅರ್ಧ ಅಂಕದಲ್ಲಿ ಅವಳ ರಾಯಚೂರು ತಪ್ಪಿತು.

ಬುಧವಾರ ಅವಳ ತಾಯಿ ಅಯ್ಯಮ್ಮ ನಾಟಿ ಬಿಟ್ಟು ನೇರವಾಗಿ ಶಾಲೆಗೇ ಬಂದಳು. ಮೊಣಕಾಲಿನವರೆಗೆ ಕೆಸರು, ಸೀರೆ ಇನ್ನೂ ಎತ್ತಿ ಕಟ್ಟಿದ ಹಾಗೇ ಇತ್ತು. ನೆಲ ಕೊಳೆಯಾಗುತ್ತದೆ ಎಂದು ಬಾಗಿಲಲ್ಲೇ ನಿಂತಳು. ಜಗಳ ಮಾಡಲಿಲ್ಲ ಅವ್ವಾ, ಮಾಡಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. “ಟೀಚರ್ರೀ, ಸಸಿ ಹಾಕೋದು ಮಡಿ ಅಲ್ಲಂದ್ರ ನಾ ಇಪ್ಪತ್ತು ವರ್ಷ ಎದರಾಗ ನಿಂತೀನಿ?” ಎಂದು ಕೇಳಿದಳು, ಅಷ್ಟೇ. ಅವಳು ಉತ್ತರಕ್ಕೂ ಕಾಯದೆ, ಗುಂಪಿನವರು ಕಾಯುತ್ತಿದ್ದಾರೆಂದು ಹೊರಟುಹೋದಳು.

ನಾನು ಅವತ್ತೇ ಅಂಕ ತಿದ್ದಿ ಹೆಡ್‌ಮಾಸ್ತರ್ ಗಂಗಾಧರ ಸರ್ ಹತ್ತಿರ ಹೋದೆ. ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದ ದೊಡ್ಡ ನಿಘಂಟನ್ನೂ ಇಳಿಸಿ ತೋರಿಸಿದೆ. ಮಡಿ ಎಂದರೆ ಪಾತಿ, ಗದ್ದೆಯ ತುಂಡು, ಎಲ್ಲ ಅಚ್ಚಾಗಿಯೇ ಇದೆ. ಅವರು ಪುಟದ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. “ಹೊಲದ ಮಾತು ಹೊಲದಾಗ ಇರ್ಲಿ ಮೇಡಂ, ಪರೀಕ್ಷಾಕ್ಕ ಯಾಕ ತರ್ತೀರಿ” ಎಂದು ನಾನು ಕೊಟ್ಟ ಅಂಕ ಹೊಡೆದುಹಾಕಿದರು. ಅವರು ಮಧ್ಯಾಹ್ನ ಡಬ್ಬಿ ಬಿಚ್ಚಿ ಉಂಡದ್ದು ಏನು, ಅನ್ನವಲ್ಲವೇ? ಈ ಊರಿನ ಮಿಲ್ಲು, ಲಾರಿ, ಬಜಾರು ಎಲ್ಲ ನಿಂತಿರುವುದು ಯಾವುದರ ಮೇಲೆ? ದೂರ ನಿಲ್ಲು, ಮುಟ್ಟಬೇಡ ಎನ್ನುವ ಮಡಿ ಪುಸ್ತಕಕ್ಕೆ ಸರಿ, ಹೊಟ್ಟೆಗೆ ಹಾಕುವ ಮಡಿ ತಪ್ಪು. ಇದು ಯಾವ ಸೀಮೆಯ ನ್ಯಾಯ ಅವ್ವಾ! ಕಾಲುವೆಗೆ ನೀರು ಬಿಟ್ಟ ದಿನ ಇದೇ ಸರ್ ಎಲ್ಲರಿಗೂ ಪೇಢಾ ಹಂಚಿದ್ದರು.

ಕೊನೆಗೆ ಅವರು ಒಂದು ದಾರಿ ಹೇಳಿದರು. ಉತ್ತರಪತ್ರಿಕೆ ನೋಡಿದ ಟೀಚರ್ ತಪ್ಪು ತನ್ನದೆಂದು, ಅದಕ್ಕೆ ಕಾರಣವೇನೆಂದು ಬರೆದು ಸಹಿ ಮಾಡಿಕೊಟ್ಟರೆ ಅಂಕ ಕೊಡಬಹುದಂತೆ. ಆ ಕಾಗದ ಆ ಟೀಚರ ಫೈಲಿಗೆ ಹೋಗುತ್ತದೆ. ನೌಕರಿ ಕಾಯಂ ಮಾಡುವವರು ಬರುವ ತಿಂಗಳು ಆ ಫೈಲನ್ನೇ ನೋಡುವುದು. ಹುಡುಗಿಯ ಹೆಸರು ಕಳಿಸಲು ನಾಳೆಯೇ ಕಡೆಯ ದಿನ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಸ್ಟಾಫ್‌ರೂಮಿನಲ್ಲಿ ಎಲ್ಲರೂ ನಗುತ್ತಿದ್ದಾರೆ.

ಅಣ್ಣನಿಗೆ, ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಕಣ್ಣು ಉಜ್ಜಿಕೊಳ್ಳಬೇಡ. ನಿನ್ನ ಆಶೀರ್ವಾದ ನನಗೆ ನಾಳೆ ಬೆಳಿಗ್ಗೆಯೇ ಬೇಕು, ಅಲ್ಲಿಂದಲೇ ಕೈ ಎತ್ತು.

ನಿನ್ನ ಮಗಳು,
ಮಹೇಶ್ವರಿ

ತಾ.ಕ.: ಅತ್ತಿಗೆ, ಇದನ್ನು ಅವ್ವನಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿ. ಅವ್ವಾ, ಆ ಕೆಂಪು ಗೀರು ಎಳೆದ ಟೀಚರ್ ನಾನೇ. ಗೊತ್ತಿಲ್ಲದೆ ಎಳೆಯಲಿಲ್ಲ. ರಜೆಯಲ್ಲಿ ನಿನ್ನ ಹಿಂದೆ ಮಡಿಯಲ್ಲಿ ಬಗ್ಗಿ ಸಸಿ ಕಿತ್ತವಳು ನಾನು, ನನಗೆ ಗೊತ್ತಿರದೆ ಇರುತ್ತದೆಯೇ? ಸರಿ ಎಂದರೆ, ನಿಮಗೆ ಹೇಗೆ ಗೊತ್ತು ಮೇಡಂ ಎಂದು ಯಾರಾದರೂ ಕೇಳುತ್ತಾರೆಂದು ಹೆದರಿದೆ. ನೌಕರಿಗೆ ಸೇರುವಾಗ ತಾಯಿಯ ಉದ್ಯೋಗ ‘ಗೃಹಿಣಿ’ ಎಂದು ಬರೆದುಕೊಟ್ಟಿದ್ದೇನೆ. ನಾಳೆ ಸಹಿ ಮಾಡುವ ಕಾಗದದಲ್ಲಿ ಕಾರಣದ ಜಾಗದಲ್ಲಿ ಹೀಗೆ ಬರೆದಿದ್ದೇನೆ: ‘ನನ್ನ ತಾಯಿ ಆದೆಮ್ಮ ಮೂವತ್ತು ವರ್ಷ ಭತ್ತದ ಸಸಿ ಹಚ್ಚುವ ಕೂಲಿ ಮಾಡಿದವಳು. ಅದನ್ನು ಮುಚ್ಚಿಡಲು ಒಂದು ಮಗುವಿನ ಸರಿ ಉತ್ತರವನ್ನು ತಪ್ಪು ಮಾಡಿದೆ.’