ಮಲಾಕ್ಕಾದಲ್ಲಿ ನೀನು ದೂರ ತಳ್ಳಿದ ತಟ್ಟೆ

ಹಾಸ್ಟೆಲಿನ ಹದಿನಾಲ್ಕನೇ ನಂಬರ್ ರೂಮಿನ ಖಾಯಂ ಅಧ್ಯಕ್ಷೆ, ಕಿಟಕಿ ಪಕ್ಕದ ಮಂಚದ ಏಕೈಕ ಹಕ್ಕುದಾರಳು, ನನ್ನ ಗೆಳತಿ ಮಾಲೂಗೆ,

ನಾನು ಕ್ಷೇಮ. ನಿನ್ನ ಕ್ಷೇಮ ಕೇಳುವ ಹಾಗಿಲ್ಲ. ಆದರೂ ಪತ್ರ ಅಂದಮೇಲೆ ಆ ಸಾಲು ಬಿಟ್ಟರೆ ನೀನು ಕೆಂಪು ಇಂಕಿನಲ್ಲಿ ಸುತ್ತು ಹಾಕಿ ವಾಪಸ್ ಕಳಿಸುವವಳು. ಇಪ್ಪತ್ತೈದು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವಳಿಗೆ ಪತ್ರ ಬರೆಯುವುದೂ ಒಂದು ಪರೀಕ್ಷೆಯೇ.

ಆ ಫೆಬ್ರವರಿ ನೆನಪಿದೆಯಾ? ಇನ್ನೊಂದು ತಿಂಗಳಿಗೆ ಲೋಕವೇ ಬಾಗಿಲು ಹಾಕಿಕೊಳ್ಳುತ್ತದೆ ಎಂದು ಯಾರಿಗೆ ಗೊತ್ತಿತ್ತು. ಹಾಸ್ಟೆಲ್ ಬಿಟ್ಟು ಮೂವತ್ತು ವರ್ಷವಾಯಿತೆಂಬ ನೆಪದಲ್ಲಿ ಮೈಸೂರಿನಿಂದ ನೀನು, ಧಾರವಾಡದಿಂದ ಶಕ್ಕು, ಇಬ್ಬರೂ ಗದ್ದಕ್ಕೆ ಮಾಸ್ಕ್ ಇಳಿಬಿಟ್ಟುಕೊಂಡು ವಿಮಾನ ಇಳಿದಿರಿ. ನಿನ್ನ ಸೂಟ್‌ಕೇಸಿನಲ್ಲಿ ಎರಡು ಕೇಜಿ ಹುಳಿಪುಡಿ. ಮಲೇಷ್ಯಾದಲ್ಲಿ ನಾನು ಹನ್ನೊಂದು ವರ್ಷದಿಂದ ಬರೀ ಗಾಳಿ ತಿಂದು ಬದುಕಿದ್ದೇನೆಂದು ನಿನ್ನ ನಂಬಿಕೆ. ನಮ್ಮವರ ಅಂಗಡಿಗಳೇ ತುಂಬಿರುವ ಬ್ರಿಕ್‌ಫೀಲ್ಡ್ಸ್‌ಗೆ ಕರೆದುಕೊಂಡು ಹೋಗಿ, ರಾಗಿ ಹಿಟ್ಟಿನಿಂದ ಹಿಡಿದು ಬಾಳಕದ ಮೆಣಸಿನಕಾಯಿಯವರೆಗೆ ಸಾಲಾಗಿ ಜೋಡಿಸಿಟ್ಟಿದ್ದ ಅಂಗಡಿ ತೋರಿಸಿದೆ. ಸೋಲೊಪ್ಪಿಕೊಂಡೆಯಾ? ಪ್ಯಾಕೆಟ್ ತಿರುಗಿಸಿ ತಾರೀಖು ಓದಿ, ಹಳೇ ಸ್ಟಾಕು ಎಂದು ತೀರ್ಪು ಕೊಟ್ಟು ಮುಂದೆ ನಡೆದೆ.

ಮಲಾಕ್ಕಾಗೆ ಹೋಗುವ ದಾರಿಯಲ್ಲಿ ನಿಲಾಯ್‌ನ ಕ್ಯಾಂಪಸ್ಸಿಗೆ ಕಾರು ತಿರುಗಿಸಿ ನಿನ್ನ ಮಗಳನ್ನು ಹತ್ತಿಸಿಕೊಂಡೆವು. ಆಗಿನ್ನೂ ಸಿಂಚು ಎರಡನೇ ವರ್ಷದ ಬಯೋಟೆಕ್ನಾಲಜಿ. ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಅಂಟಿಸುವುದನ್ನು ಕಲಿತಿದ್ದಳು; ನೀನು ಪ್ರತಿ ಸಲವೂ ಕೆಮ್ಮಿ ಅದನ್ನು ಅಳಿಸುತ್ತಿದ್ದೆ. ಊರು ಮುಟ್ಟಿದ ಮೇಲೆ ಆ ಸೈಕಲ್ ರಿಕ್ಷಾ… ಅಯ್ಯೋ ಮಾಲೂ. ಸುತ್ತ ಪ್ಲಾಸ್ಟಿಕ್ ಹೂವು, ನೆತ್ತಿಯ ಮೇಲೆ ಆಳೆತ್ತರದ ಗುಲಾಬಿ ಬೆಕ್ಕಿನ ಗೊಂಬೆ, ಸೀಟಿನ ಕೆಳಗೆ ಊರೆಲ್ಲ ಅದುರುವ ಸ್ಪೀಕರು. ಅದರ ನಡುವೆ ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಪದವಿ ಪ್ರದಾನ ಸಮಾರಂಭದ ಮುಖ್ಯ ಅತಿಥಿಯ ಗಾಂಭೀರ್ಯದಲ್ಲಿ ನೀನು. "ಮದವಿ ಮೆರವಣಿಗೀಗೂ ಇಷ್ಟ ಗದ್ದಲ ಇರೂದಿಲ್ಲವಾ, ಸ್ವಲ್ಪ ನಗು," ಎಂದು ಶಕ್ಕು ಹಿಂದಿನ ರಿಕ್ಷಾದಿಂದ ಕೂಗಿದಳು. ನೀನು ನಗಲಿಲ್ಲ. ಆದರೆ ಇಳಿದ ಮೇಲೆ, ಇನ್ನೊಂದು ಸುತ್ತು ಹೋದರೆ ಹೇಗೆ ಎಂದು ನನ್ನನ್ನು ಮೆಲ್ಲಗೆ ಕೇಳಿದವಳು ಯಾರು?

ಅವತ್ತಿನ ಮಧ್ಯಾಹ್ನದ ಊಟಕ್ಕೆ ಬರುತ್ತೇನೆ. ಬರಲೇಬೇಕಲ್ಲ. ಹೊಳೆ ಪಕ್ಕದ ಸಸ್ಯಾಹಾರಿ ಹೋಟೆಲಿನಲ್ಲಿ ನಾನು ಮೂರು ಪ್ಲೇಟ್ ಮೀ ಹೂನ್ ಹೇಳಿದೆ, ಅಕ್ಕಿ ಶ್ಯಾವಿಗೆಯನ್ನು ತರಕಾರಿ ಹಾಕಿ ಹುರಿದದ್ದು. ಸಿಂಚು ಎದುರಿನ ಅಂಗಡಿಯಲ್ಲಿ ಸ್ನೇಹಿತೆಯರಿಗೆ ಏನೋ ಕೊಳ್ಳುತ್ತಿದ್ದಳು. ಇದು ನಮ್ಮ ಶ್ಯಾವಿಗೆ ಉಪ್ಪಿಟ್ಟೇ, ಹೆಸರಷ್ಟೇ ಬೇರೆ ಎಂದು ಶಕ್ಕು ಬಾಯಿಗಿಟ್ಟಳು. ನೀನು ಒಂದು ಬೆರಳಿನಿಂದ ತಟ್ಟೆಯನ್ನು ಮೇಜಿನ ಆ ತುದಿಗೆ ತಳ್ಳಿದೆ. ಮೂವತ್ತು ವರ್ಷದಿಂದ ಶ್ಯಾವಿಗೆ ಮುಟ್ಟಿಲ್ಲ ಅಂದೆ. ನಾನು ವೈದ್ಯಕೀಯ ಕಾರಣವಿರಬಹುದು ಅಂದುಕೊಂಡೆ, ದಡ್ಡಿ.

ಹಾಸ್ಟೆಲಿನಲ್ಲಿ ನಮಗೊಂದು ಕಾನೂನಿತ್ತಲ್ಲ. ಯಾರ ಮನೆಯಿಂದಲಾದರೂ ಕೆಟ್ಟ ಸುದ್ದಿ ಬಂದರೆ ಮೊದಲು ಅವಳಿಗೆ ಹೊಟ್ಟೆ ತುಂಬ ತಿನ್ನಿಸಬೇಕು, ಆಮೇಲೆ ಹೇಳಬೇಕು. ಹಿಂದೊಬ್ಬಳು ಖಾಲಿ ಹೊಟ್ಟೆಯಲ್ಲಿ ಸುದ್ದಿ ಕೇಳಿ, ಊರಿಗೆ ಹೋಗುವ ಬಸ್ಸಿನಲ್ಲಿ ಜ್ಞಾನ ತಪ್ಪಿ ಬಿದ್ದಿದ್ದಳಂತೆ. ಅಂದಿನಿಂದ ಶುರುವಾದ ಪದ್ಧತಿ. ನಿನ್ನ ತಂದೆಯವರ ಸುದ್ದಿ ವಾರ್ಡನ್ ಫೋನಿಗೆ ಬಂದದ್ದು ಭಾನುವಾರ ಬೆಳಗ್ಗೆ. ಅವತ್ತಿನ ತಿಂಡಿ ಶ್ಯಾವಿಗೆ ಉಪ್ಪಿಟ್ಟು. ನಾನು ವಾರ್ಡನ್ ನಡಿಗೆಯನ್ನು ಅಣಕಿಸಿ ತೋರಿಸುತ್ತ ನಿನಗೆ ಎರಡು ಸಲ ಬಡಿಸಿದೆ. ನೀನು ಬಿಕ್ಕಳಿಕೆ ಬರುವಷ್ಟು ನಕ್ಕೆ. ಕೈ ತೊಳೆದ ಮೇಲೆ ಹೇಳಿದೆವು. ಬಹಳ ಜಾಣತನದ ಕೆಲಸ ಮಾಡಿದೆವೆಂದು ನಾನೂ ಶಕ್ಕುವೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದೆವು.

"ಅಪ್ಪ ಹೋಗಿಬಿಟ್ಟಿದ್ರು, ನಾನು ನಗ್ತಾ ಇದ್ದೆ ಕಣೇ," ಎಂದೆ ನೀನು ಆ ಹೋಟೆಲಿನಲ್ಲಿ. "ನೀವಿಬ್ರೂ ಗೊತ್ತಿದ್ದೂ ಗೊತ್ತಿದ್ದೂ ನನ್ನ ನಗಿಸಿದ್ರಿ. ಅಷ್ಟು ಹೊತ್ತನ್ನ ನನ್ನಿಂದ ಕಿತ್ಕೊಂಡ್ರಿ."

ನಾನೇನು ಮಾಡಿದೆ? ಗಂಟಲು ಸರಿಪಡಿಸಿಕೊಂಡು, ಮೂವತ್ತು ವರ್ಷ ಹಳೆಯ ಉಪ್ಪಿಟ್ಟಿನ ಮೊಕದ್ದಮೆ ಕಾಲಮಿತಿ ಮೀರಿದ್ದರಿಂದ ವಜಾ ಮಾಡಲಾಗಿದೆ ಎಂದು ಘೋಷಿಸಿದೆ. ಶಕ್ಕು ನಕ್ಕಳು, ಪಾಪ ನೀನೂ ನಕ್ಕೆ. ಆಮೇಲೆ ಎದುರಿನ ಅಂಗಡಿಯ ಕಡೆ ನೋಡುತ್ತ ಹೇಳಿದೆ: "ಸಿಂಚುಗೆ ಇಲ್ಲಿ ಹತ್ತಿರದವಳು ಅಂದ್ರೆ ನೀನೊಬ್ಳೇ. ನಾಳೆ ನಮ್ಮನೇಲಿ ಏನಾದ್ರೂ ಆದ್ರೆ ತಕ್ಷಣ ಹೇಳ್ಬಿಡು. ಊಟ ಗೀಟ ಅಂತ ಕಾಯ್ಬೇಡ." ಆಗಲಿ ತಾಯಿ, ಎಂದು ಕೈ ಮುಗಿದೆ. ಆ ಕೈ ಮುಗಿದದ್ದೂ ತಮಾಷೆಗೇ…

ಕ್ಯಾಂಪಸ್ ಖಾಲಿಯಾದಾಗ ಸಿಂಚು ನಮ್ಮ ಸುಬಾಂಗ್ ಜಯಾದ ಮನೆಗೆ ಬಂದಳು. ಒಂದು ವರ್ಷ ಅವಳ ತರಗತಿಗಳು ನಮ್ಮ ಚಿಕ್ಕ ಕೋಣೆಯಲ್ಲೇ ನಡೆದವು. ನೀನು ದಿನಾ ಸಂಜೆ ವಿಡಿಯೋ ಕರೆ ಮಾಡಿ ಮೊದಲು ಅವಳ ತಲೆಗೂದಲನ್ನು, ಆಮೇಲೆ ನನ್ನ ಅಡುಗೆಯನ್ನು ಪರಿಶೀಲಿಸುತ್ತಿದ್ದೆ. ಮರುವರ್ಷದ ಮೇ ತಿಂಗಳಲ್ಲಿ ನಿನಗೆ ಜ್ವರ ಬಂತು. ನಾಲ್ಕನೇ ದಿನ ಆಸ್ಪತ್ರೆ. ಒಂಬತ್ತನೇ ದಿನದಿಂದ ಸಂಜೆಯ ಕರೆ ಇಲ್ಲ. ವಿಮಾನವಿಲ್ಲ, ಗಡಿ ಮುಚ್ಚಿದೆ, ಪಕ್ಕದ ಜಿಲ್ಲೆಗೆ ಹೋಗಲೂ ಪೊಲೀಸರ ಚೀಟಿ ಬೇಕು. ಸಿಂಚು ಬಿಸ್ಕತ್ತು ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ. ನನಗೆ ಅದೊಂದೇ ಕಣ್ಣಿಗೆ ಕಂಡದ್ದು, ಮಾಲೂ. ಮಗು ತಿನ್ನುತ್ತಿಲ್ಲ, ಮಗು ತಿನ್ನುತ್ತಿಲ್ಲ.

ಹನ್ನೆರಡನೇ ದಿನ ಮಧ್ಯಾಹ್ನ ನಾನು ಅನ್ನ ಬಸಿಯುತ್ತಿದ್ದಾಗ ಶಕ್ಕುವಿನ ಫೋನು. "ಲಲ್ಲೀ, ನಮ್ಮ ಮಾಲೂ ಹೋದ್ಲವಾ," ಎಂದಳು. ನಿನ್ನ ಯಜಮಾನರು ಮಗಳಿಗೆ ಹೇಳುವ ಶಕ್ತಿಯಿಲ್ಲದೆ ಶಕ್ಕುವಿಗೆ ಹೇಳಿದ್ದರು. ನೀನೇ ಹೇಳು ಎಂದು ಅವಳು ನನಗೆ ಒಪ್ಪಿಸಿದಳು. ನಾನು ಒಲೆ ಆರಿಸಿದೆ. ಮುಖ ತೊಳೆದೆ. ಸಿಂಚುವಿನ ಫೋನನ್ನು ಚಾರ್ಜಿಗೆ ಹಾಕುವ ನೆಪದಲ್ಲಿ ತೆಗೆದುಕೊಂಡು ಹೋಗಿ, ಸದ್ದಡಗಿಸಿ ನಡುಮನೆಯಲ್ಲಿ ಬೋರಲು ಹಾಕಿದೆ. ಅನ್ನ, ತಿಳಿಸಾರು, ಮೇಲೊಂದು ಹಪ್ಪಳ. ಕೆಳಗಿನ ಮನೆಯ ತಮಿಳು ಅಮ್ಮ ಲಿಫ್ಟಿನಲ್ಲಿ ತನ್ನ ಗಂಡನಿಗೇ ಸ್ಯಾನಿಟೈಸರ್ ಸಿಂಪಡಿಸಿದ್ದನ್ನು ಅಭಿನಯಿಸಿ ತೋರಿಸಿದೆ. ಸಿಂಚು ನಕ್ಕಳು. ಇನ್ನೊಂದು ಸೌಟು ಹಾಕಿಸಿಕೊಂಡಳು. ನೀನು ಹೋಟೆಲಿನಲ್ಲಿ ಹೇಳಿದ್ದು ನನಗೆ ನೆನಪಿರಲಿಲ್ಲವಾ? ಇತ್ತು. ಸೌಟು ಹಿಡಿದ ಕೈಯಲ್ಲೇ ಇತ್ತು. ಆದರೂ ಇನ್ನೆರಡು ತುತ್ತು, ಇನ್ನೊಂದು ತುತ್ತು ಅಂತ…

ಅವಳು ಕೈ ತೊಳೆದು ನಡುಮನೆಗೆ ಹೋದಳು. ಫೋನಿನಲ್ಲಿ ಅಪ್ಪನ ಮೂರು ಮಿಸ್ಡ್ ಕಾಲ್, ಮೂರೂ ವಿಡಿಯೋ. ಹೇಗೋ ಧೈರ್ಯ ತಂದುಕೊಂಡಿದ್ದಾರೆ ಅವರು. ಆಸ್ಪತ್ರೆಯವರು ದೂರದಿಂದ ಒಂದೆರಡು ನಿಮಿಷ ನಿನ್ನ ಮುಖ ತೋರಿಸಲು ಒಪ್ಪಿದ್ದರಂತೆ. ಸಿಂಚು ತಿರುಗಿ ಕರೆ ಮಾಡುವಷ್ಟರಲ್ಲಿ ನಿನ್ನನ್ನು ಗಾಡಿಗೆ ಹತ್ತಿಸಿ ಆಗಿತ್ತು. ಅವಳು ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

"ಆಂಟಿ, ನಿಮಗೆ ಗೊತ್ತಿತ್ತಾ?"

ನನ್ನ ಬಾಯಿಂದ ಊಟ ಎನ್ನುವ ಮಾತು ಅರ್ಧ ಬಂತು. ಅವಳು ಬಚ್ಚಲಿಗೆ ಹೋಗಿ ತಿಂದದ್ದನ್ನೆಲ್ಲ ಕಕ್ಕಿದಳು.

ಆಮೇಲೆ ಅವಳು ನನ್ನನ್ನು ಬೈಯಲೇ ಇಲ್ಲ ಮಾಲೂ. ಬೈದಿದ್ದರೆ ಅದಕ್ಕೊಂದು ಕೊನೆಯಿರುತ್ತಿತ್ತು. ಮನೆಯಲ್ಲಿ ಮೆತ್ತಗೆ ನಡೆದಳು, ತಟ್ಟೆಯನ್ನು ತಾನೇ ತೊಳೆದಿಟ್ಟಳು, ಕ್ಯಾಂಪಸ್ ತೆರೆದ ದಿನವೇ ನಿಲಾಯ್‌ಗೆ ಹೊರಟುಹೋದಳು. ನನ್ನ ಮೆಸೇಜುಗಳಿಗೆಲ್ಲ ಉತ್ತರವಾಗಿ ಎತ್ತಿದ ಹೆಬ್ಬೆರಳಿನದೊಂದು ಗುರುತು. ಜಗತ್ತಿನಲ್ಲಿ ಯಾರನ್ನು ಬೇಕಾದರೂ ನಗಿಸಬಲ್ಲೆ ಎಂಬ ನನ್ನ ಜಂಬಕ್ಕೆ ಆ ಹೆಬ್ಬೆರಳು ಸರಿಯಾದ ಉತ್ತರ. ಕೊನೆಗೊಂದು ದಿನ ಕೂತು, ಶ್ಯಾವಿಗೆಯ ಕತೆಯನ್ನೆಲ್ಲ ಅವಳಿಗೆ ಬರೆದೆ. ನಿನ್ನ ತಂದೆ, ಹಾಸ್ಟೆಲ್, ನೀನು ತಳ್ಳಿದ ತಟ್ಟೆ. ಹಾಗೆ ಮಾಡಬೇಡ ಎಂದು ನಿಮ್ಮಮ್ಮ ನನಗೆ ಮುಂಚೆಯೇ ಹೇಳಿದ್ದಳು, ಗೊತ್ತಿದ್ದೂ ಮಾಡಿದೆ ಎಂದೂ ಬರೆದೆ. ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದರೆ ಅವಳ ಮೇಲೆ ಇನ್ನೊಂದು ಕೆಲಸ ಹೊರಿಸಿದ ಹಾಗಲ್ಲವಾ? ಆ ಸಲ ಹೆಬ್ಬೆರಳೂ ಬರಲಿಲ್ಲ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಗಡಿ ತೆರೆದಿದೆ. ಮೊನ್ನೆ ಸಿಂಚು ತಾನಾಗಿಯೇ ಫೋನ್ ಮಾಡಿದಳು. ಮೈಸೂರಿಗೆ ಹೋಗುತ್ತಿದ್ದಾಳಂತೆ. ನಿನ್ನ ಬೀರುವನ್ನು ನಿನ್ನ ಯಜಮಾನರು ಇವತ್ತಿನವರೆಗೂ ತೆಗೆದಿಲ್ಲ, ಮಗಳೇ ಬಂದು ತೆಗೆಯಲಿ ಎಂದು ಕಾದಿದ್ದಾರೆ. "ನೀವೂ ಬನ್ನಿ ಆಂಟಿ," ಎಂದಳು. ಆಮೇಲೆ ಸೇರಿಸಿದಳು. "ಆದ್ರೆ ರೂಮಿನ ಹೊರಗೇ ಕೂತಿರ್ಬೇಕು. ನಾನು ಬಾಗಿಲು ಹಾಕ್ಕೊಂಡು ಅಮ್ಮನ ಬೀರು ತೆಗೀತೀನಿ. ನೀವು ಒಳಗೆ ಬರ್ಬಾರ್ದು, ಜೋಕ್ ಮಾಡ್ಬಾರ್ದು. ಕಾಫಿ ಬೇಕಾ ಅಂತಾನೂ ಕೇಳ್ಬೇಡಿ, ಪ್ಲೀಸ್ ಲಾ."

ಮುಂದಿನ ವಾರ ಹೊರಡುತ್ತೇವೆ. ನಿನ್ನ ನಡುಮನೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ ಮಾಲೂ. ಒಳಗಿಂದ ಏನು ಕೇಳಿಸಿದರೂ, ಏನೂ ಕೇಳಿಸದಿದ್ದರೂ, ಅವಳಾಗಿ ಕರೆಯುವವರೆಗೆ ಬಾಗಿಲು ತಟ್ಟುವುದಿಲ್ಲ.

ನಿನ್ನ
ಲಲ್ಲಿ