ಹನ್ನೊಂದು ನಾಣ್ಯ ಕತ್ತರಿಸಿದವನ ಮಗಳಿಂದ ಖಜಾನೆಗೆ

ಟಂಕಸಾಲೆ ಮತ್ತು ಖಜಾನೆಗಳ ಮುಖ್ಯಾಧಿಕಾರಿಗಳೇ,

ಎಪ್ಪತ್ತೊಂದು ವರ್ಷದ ನಮ್ಮ ಅಪ್ಪ ಜೈಲಿನಲ್ಲಿದ್ದಾರೆ. ಅವರು ಮಾಡಿದ ಅಪರಾಧ, ಸರ್ಕಾರವನ್ನು ನಂಬಿದ್ದು. ಇದನ್ನೇ ಅರ್ಜಿಯಲ್ಲಿ ಬರೆದು ನಾಲ್ಕು ಸಲ ನಿಮ್ಮ ಕಚೇರಿಗೆ ಕೊಟ್ಟೆ. ನಾಲ್ಕು ಸಲವೂ ಮೊಹರು ಬಿತ್ತು, ಉತ್ತರ ಬರಲಿಲ್ಲ. ಮೊಹರು ಒತ್ತುವುದರಲ್ಲಿ ನಿಮ್ಮ ಇಲಾಖೆಗೆ ಸರಿಸಾಟಿ ಯಾರು? ಯಾವುದರ ಮೇಲೆ ಒತ್ತುತ್ತಿದ್ದೀರಿ ಎಂದು ನೋಡುವ ಚಾಳಿಯೊಂದು ಇಲ್ಲ ಅಷ್ಟೇ. ಆದ್ದರಿಂದ ಈ ಸಲ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಅಪ್ಪ ಚಿನಿವಾರರು. ಐವತ್ತು ವರ್ಷ ಪೇಟೆಯ ಮೂಲೆಯಲ್ಲಿ ಕೂತು ನಾಣ್ಯ ಪರೀಕ್ಷೆ ಮಾಡಿದವರು. ಎದುರಿಗೆ ಕರಿಕಲ್ಲಿನ ಚಪ್ಪಡಿ, ಗೋಡೆಯ ಮೊಳೆಗೆ ದಪ್ಪ ಕತ್ತರಿ. ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿ ಕಿವಿಗೊಡುತ್ತಾರೆ. ಬೆಳ್ಳಿಯಾದರೆ ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ, ಖೋಟಾ ಆದರೆ ಬಿದ್ದಲ್ಲೇ ಸಾಯುತ್ತದೆ. ಖೋಟಾ ನಾಣ್ಯವನ್ನು ತಂದವನ ಕಣ್ಣೆದುರೇ ಎರಡು ತುಂಡು ಮಾಡಿ ಕೈಗಿಡುವುದು ಈ ಕಸುಬಿನ ಕಟ್ಟಳೆ. ಅದು ಇನ್ನೊಬ್ಬ ಬಡಪಾಯಿಯ ಕೈ ಸೇರಬಾರದಲ್ಲ.

ಹೋದ ವರ್ಷ ನಿಮ್ಮದೇ ಟಂಕಸಾಲೆಯ ಜವಾನ ಹನ್ನೊಂದು ಹೊಸ ನಾಣ್ಯ ತಂದ. ಅಪ್ಪ ಒಂದೊಂದನ್ನೇ ಬೀಳಿಸಿ ಕಿವಿಗೊಟ್ಟರು. ಹನ್ನೊಂದರ ಸದ್ದೂ ಬಿದ್ದಲ್ಲೇ ಸತ್ತಿತು.

"ಯಾರಪ್ಪ ಕೊಟ್ರು ನಿನಗೆ ಇದನ್ನ?"

"ಸರ್ಕಾರ ಕೊಟ್ಟಿದ್ದು ಅಜ್ಜ, ಸಂಬಳ."

ಅಪ್ಪ ನಕ್ಕರು. "ಸರ್ಕಾರ ಇಂಥ ಹಲ್ಕಾ ಕೆಲಸ ಮಾಡುತ್ತೇನೋ? ಮಧ್ಯದಲ್ಲಿ ಯಾರೋ ನಿನಗೆ ಟೋಪಿ ಹಾಕಿದಾರೆ."

ಹನ್ನೊಂದನ್ನೂ ಕತ್ತರಿಸಿದರು. ಜವಾನ ತುಂಡುಗಳನ್ನು ಒಯ್ದು ಕಚೇರಿಯಲ್ಲಿ ಬದಲಿ ಕೇಳಿದ. ಮರುದಿನ ಪೊಲೀಸರು ನಮ್ಮ ಅಂಗಡಿಗೆ ಬಂದರು. ರಾಜಮುದ್ರೆಯನ್ನು ವಿರೂಪಗೊಳಿಸಿದ್ದಕ್ಕೆ ಮೂರು ವರ್ಷ ಸಜೆ, ಇಲ್ಲವೇ ಮುನ್ನೂರು ನಾಣ್ಯ ದಂಡ. ತಪ್ಪಾಯಿತೆಂದರೆ ದಂಡ ಇಳಿಸುತ್ತೇನೆ ಎಂದರು ನ್ಯಾಯಾಧೀಶರು. ನಾನು ಕೈಮುಗಿದು ಅಪ್ಪನಿಗೆ ಸನ್ನೆ ಮಾಡಿದೆ. "ಬಾಯಿ ಒಪ್ಪುತ್ತೆ ಸ್ವಾಮಿ, ಕಿವಿ ಒಪ್ಪಲ್ಲ," ಎಂದರು ಅಪ್ಪ. ಆ ಕ್ಷಣ ಅವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಾಣ್ಯದಲ್ಲಿ ಬೆಳ್ಳಿ ಇಳಿಸಿ ನೀವು ಮಾಡಿದ್ದು ಹೊಸದೇನಲ್ಲ, ಬೀಗಬೇಡಿ. ಹಿಂದೆ ಒಬ್ಬ ರಾಜ ಬೆಳ್ಳಿಗೆ ತಾಮ್ರ ಬೆರೆಸಿ ತನ್ನ ಮುಖ ಅಚ್ಚು ಹಾಕಿಸಿದ. ನಾಣ್ಯ ಸವೆದಾಗ ಮೊದಲು ಕೆಂಪಗಾಗಿದ್ದು ಮೂಗು. ಜನ ಅವನನ್ನು ತಾಮ್ರಮೂಗ ಎಂದೇ ಕರೆದರು. ಇನ್ನೊಬ್ಬ ದೊರೆ ಬೆಳ್ಳಿಯ ಬದಲು ಅಗ್ಗದ ಲೋಹದ ಬಿಲ್ಲೆ ಹೊರಡಿಸಿದ. ಮನೆಮನೆಯಲ್ಲೂ ಟಂಕಸಾಲೆ ಎದ್ದಿತು. ಅವರಿಗೆ ಯುದ್ಧದ ನೆಪವಾದರೂ ಇತ್ತು. ನಿಮಗೇನಿತ್ತು, ನಿಮ್ಮ ಕಚೇರಿಯ ಹೊಸ ಅಮೃತಶಿಲೆಯ ಮೆಟ್ಟಿಲೇ? ಅಪ್ಪನ ಪಕ್ಕದ ಕೋಣೆಯಲ್ಲಿ ಕಳ್ಳನಾಣ್ಯ ಮಾಡಿ ಸಿಕ್ಕಿಬಿದ್ದವನೊಬ್ಬನಿದ್ದಾನೆ. ಅವನು ಹತ್ತು ಪಾಲಿಗೆ ನಾಲ್ಕು ಪಾಲು ಬೆಳ್ಳಿ ಹಾಕುತ್ತಿದ್ದನಂತೆ. ನೀವು ಹಾಕುವುದು ಮೂರು. ಪಾಪ, ಅವನಿಗೆ ನಿಮ್ಮಷ್ಟು ಧೈರ್ಯ ಇರಲಿಲ್ಲ.

ಚಳಿಗೆ ಅಪ್ಪನ ಕೆಮ್ಮು ಎದೆಗಿಳಿದಿದೆ. ಮೂರು ವರ್ಷ ತಾಳುವ ದೇಹವಲ್ಲ ಅದು, ನನಗೆ ಭಯವಾಗಿದೆ. ಅಂಗಡಿ ಮಾರಿದೆ. ಕೊಂಡವನು ಕೊಟ್ಟಿದ್ದು ನಿಮ್ಮ ಹೊಸ ನಾಣ್ಯ. ಮುನ್ನೂರನ್ನು ಚೀಲದಲ್ಲಿ ಹೊತ್ತು ಮೊನ್ನೆ ಸೋಮವಾರ ನಿಮ್ಮ ಖಜಾನೆಗೆ ಬಂದೆ. ಗುಮಾಸ್ತರು ಒಂದನ್ನು ತೆಗೆದು ಮೇಜಿನ ಕಲ್ಲಿನ ಮೇಲೆ ಬೀಳಿಸಿದರು, ತಲೆ ಓರೆ ಮಾಡಿ ಕೇಳಿದರು, ಚೀಲವನ್ನು ನನ್ನತ್ತ ತಳ್ಳಿದರು.

"ಇದು ನಡೆಯಲ್ಲ ಅಕ್ಕ. ದಂಡ, ಕಂದಾಯ ಎಲ್ಲ ಹಳೇ ನಾಣ್ಯದಲ್ಲೇ ಕಟ್ಟಬೇಕು. ಮೇಲಿನವರ ಆದೇಶ."

"ಯಾಕಣ್ಣ, ಇದು ಸರ್ಕಾರದ್ದಲ್ವಾ?"

"ಸರ್ಕಾರದ್ದೇ. ಅದಕ್ಕೇ ನಮಗೆ ಗೊತ್ತು."

ಆ ಆದೇಶದ ಕೆಳಗೆ ನಿಮ್ಮ ಸಹಿ ಇದೆ, ನೋಡಿದ್ದೇನೆ. ಅಂದರೆ ನಿಮ್ಮ ಕಿವಿಯೂ ಅಪ್ಪನ ಕಿವಿಯೂ ಒಂದೇ ತೀರ್ಪು ಕೊಟ್ಟಿವೆ. ಅವರು ಹನ್ನೊಂದನ್ನು ತಿರಸ್ಕರಿಸಿದರು, ನೀವು ಮುನ್ನೂರನ್ನು. ನನ್ನ ಬೇಡಿಕೆ ಇಷ್ಟೇ. ಈ ಶನಿವಾರದೊಳಗೆ ನನ್ನ ಚೀಲ ತೆಗೆದುಕೊಂಡು ಅಪ್ಪನನ್ನು ಮನೆಗೆ ಕಳಿಸಿ. ಆಗದಿದ್ದರೆ ನೀವೇ ಹಾಸಿಗೆ ಸುತ್ತಿಕೊಂಡು ಜೈಲಿಗೆ ಹೊರಡಿ. ಹನ್ನೊಂದಕ್ಕೆ ಮೂರು ವರ್ಷವಾದರೆ ಮುನ್ನೂರಕ್ಕೆ ಎಷ್ಟು ಎಂಬ ಲೆಕ್ಕ ನಿಮ್ಮ ಗುಮಾಸ್ತರೇ ಹಾಕಿಕೊಡುತ್ತಾರೆ.

ಇಂತಿ,
ಖಜಾನೆಗೇ ಬೇಡವಾದ ಸರ್ಕಾರಿ ನಾಣ್ಯವನ್ನು ಹೊತ್ತು ಅಲೆಯುತ್ತಿರುವ
ಚಿನಿವಾರರ ಮಗಳು