ಒಂಬತ್ತಕ್ಕೆ ತೆರೆಯುವ ಬಾಗಿಲು

ಮಾರ್ಚ್ 4, ಸೋಮವಾರ

ಕೊಡುತ್ತೇವೆ ಎಂದದ್ದು: ಗಂಬೂಟು. ಔಷಧಿ ಹೊಡೆಯುವಾಗ ಮಾಸ್ಕು. ಕೂರಲು ನೆರಳು. ಹೆಂಗಸರಿಗೆ ಟಾಯ್ಲೆಟ್ಟು.

ಕೊಟ್ಟದ್ದು: ಹಸಿರು ಟೀ ಶರ್ಟು. ಬೆನ್ನ ಮೇಲೆ ಕಂಟ್ರಾಕ್ಟರ್ ಕಂಪನಿಯ ಹೆಸರು.

ಟಾಯ್ಲೆಟ್ಟು ಇಲ್ಲ ಎಂದು ಯಾರೂ ಬಾಯಿ ಬಿಟ್ಟು ಹೇಳಿಲ್ಲ. ಟೈಮನ್ನೇ ಹಾಗೆ ಇಟ್ಟಿದ್ದಾರೆ. ಆಫೀಸಿನ ತೋಟದಲ್ಲಿ ನಮ್ಮ ಕೆಲಸ ಬೆಳಗ್ಗೆ ಐದರಿಂದ ಒಂಬತ್ತು. ಕಟ್ಟಡದ ಬಾಗಿಲು ತೆರೆಯುವುದು ಒಂಬತ್ತಕ್ಕೆ. ಅಷ್ಟರಲ್ಲಿ ನಾವು ವ್ಯಾನು ಹತ್ತಿರಬೇಕು. ಹುಲ್ಲು ಕಾಣಬೇಕು. ಹುಲ್ಲು ಕತ್ತರಿಸಿದವಳು ಕಾಣಬಾರದು.

ವ್ಯಾನು ಆಮೇಲೆ ನಮ್ಮನ್ನು ಇಳಿಸುವ ಊರಾಚೆಯ ನರ್ಸರಿಯಲ್ಲಿ ಒಂದು ತಗಡಿನ ಮರೆ ಇದೆ. ಅಲ್ಲಿಗೆ ಹೋಗುವ ತನಕ ಹಲ್ಲು ಕಚ್ಚಿ ಹಿಡಿದುಕೊಳ್ಳಬೇಕು. ಹಾಗಾಗಿ ರಾತ್ರಿಯ ಊಟ ಆದ ಮೇಲೆ ನೀರು ಮುಟ್ಟುವುದಿಲ್ಲ. ಬೆಳಗ್ಗೆ ಪೈಪು ಹಿಡಿದು ಟ್ಯಾಂಕುಗಟ್ಟಲೆ ಸುರಿಯುತ್ತೇವೆ — ಹುಲ್ಲಿಗೆ. ನಮ್ಮ ಗಂಟಲಿಗೆ ಒಂದು ಗುಟುಕಿಲ್ಲ.

ಮಾರ್ಚ್ 5, ಮಂಗಳವಾರ

ಕಟ್ಟಡದ ಮ್ಯಾನೇಜರ್ ಇವತ್ತು ಬೇಗ ಬಂದಿದ್ದ. ಕಾರಿನ ಹತ್ತಿರವೇ ಹಿಡಿದು ಕೇಳಿದೆ.

"ಅದೆಲ್ಲ ಕಂಟ್ರಾಕ್ಟರ್ ನೋಡ್ಕೋಬೇಕಮ್ಮ. ನೀವು ನಮ್ಮ ಸ್ಟಾಫ್ ಅಲ್ಲ."

ನರ್ಸರಿಯಲ್ಲಿ ಕಂಟ್ರಾಕ್ಟರನ್ನು ಕೇಳಿದೆ.

"ಬಿಲ್ಡಿಂಗ್ ನಂದಾ? ಬೀಗದ ಕೈ ನನ್ನ ಜೇಬಲ್ಲಿದೆಯಾ? ಅವರನ್ನ ಕೇಳಿ."

ಇವನ ಅಂಗಳದಿಂದ ಅವನ ಅಂಗಳಕ್ಕೆ, ಅಲ್ಲಿಂದ ಮತ್ತೆ ಇಲ್ಲಿಗೆ. ವರ್ಷದಿಂದ ಇದೇ ಚೆಂಡಾಟ. ಇಬ್ಬರೂ ಒಟ್ಟಿಗೆ ನಮ್ಮೆದುರು ನಿಂತದ್ದು ಒಂದು ದಿನವೂ ಇಲ್ಲ.

ಕಂಟ್ರಾಕ್ಟರ್ ಇನ್ನೊಂದು ಸುದ್ದಿ ಹಾಕಿದ. ಈ ತಿಂಗಳ ಕೊನೆಗೆ ಅವನ ಗುತ್ತಿಗೆ ಮುಗಿಯುತ್ತದೆ. ಹೊಸ ಟೆಂಡರು. ಇಪ್ಪತ್ತೊಂದನೇ ತಾರೀಕು ಬೇರೆ ಕಂಪನಿಗಳೂ ತೋಟ ನೋಡಲು ಬರುತ್ತವೆ. "ಈಗ ಬಾಯಿ ಮಾಡಿದ್ರೆ ನನ್ನ ಕಾಂಟ್ರಾಕ್ಟೂ ಹೋಗುತ್ತೆ, ನಿಮ್ಮ ಅನ್ನನೂ ಹೋಗುತ್ತೆ. ತಿಳ್ಕೊಳ್ಳಿ."

ತಿಳಿದುಕೊಂಡೆ. ಇಪ್ಪತ್ತೊಂದು.

ಮಾರ್ಚ್ 7, ಗುರುವಾರ

ನನ್ನ ಜೊತೆಗೇ ಕೆಲಸಕ್ಕೆ ಬರುವ ನಾದಿನಿ ಬೇಲಿಗಿಡದ ಪಕ್ಕ ಕೂತವಳು ಏಳಲಿಲ್ಲ. ಮೈ ಕೆಂಡ. ಗಡಗಡ ನಡುಕ. ಎರಡು ದಿನದಿಂದ ಉರಿ, ಸೊಂಟನೋವು ಅನ್ನುತ್ತಿದ್ದಳು... ನಾನೇ "ನರ್ಸರಿ ತನಕ ತಡ್ಕೋ" ಅಂದಿದ್ದೆ. ನಮ್ಮ ಗುಂಪಿನ ಕತ್ತರಿಯಕ್ಕ ಮತ್ತು ನಾನು ಹೆಗಲು ಕೊಟ್ಟು ಆಟೋಗೆ ಹತ್ತಿಸಿದೆವು. ಗೇಟಿನ ಗಾರ್ಡು ಹೇಳಿದ್ದು ಒಂದೇ — ಹುಲ್ಲು ತುಳಿಯಬೇಡಿ.

ಮಾರ್ಚ್ 13, ಬುಧವಾರ

ನಾದಿನಿಯನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಸೋಂಕು ಕಿಡ್ನಿಗೆ ಏರಿತ್ತಂತೆ. ಇನ್ನೊಮ್ಮೆ ಹೀಗಾದರೆ ಕಿಡ್ನಿಯೇ ಹಾಳಾಗಬಹುದು ಅಂದರು ಡಾಕ್ಟರಮ್ಮ. "ನೀರು ಚೆನ್ನಾಗಿ ಕುಡೀಬೇಕು. ಬಂದ ತಕ್ಷಣ ಹೋಗಬೇಕು. ಕಟ್ಕೊಂಡು ಕೂರಬಾರದು."

ನಾದಿನಿ ಆಸ್ಪತ್ರೆಯ ಮಂಚದ ಮೇಲಿಂದಲೇ: "ಡಾಕ್ಟ್ರೇ, ಈ ಮಾತ್ರೆ ನಂಗೆ ಬೇಡ. ನಮ್ಮ ಮ್ಯಾನೇಜರಿಗೆ ಬರ್ಕೊಡಿ. ಊಟಕ್ಕೆ ಮುಂಚೆ ಒಂದು, ಆಮೇಲೆ ಒಂದು."

ಡಾಕ್ಟರಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಮನೆಯಲ್ಲಿ ಇವರು ಸಿಡುಕಿದರು. "ಸಾಕು. ಅತ್ತಿಗೆ ನಾದಿನಿ ಇಬ್ಬರೂ ಬಿಟ್ಟುಬಿಡಿ ಆ ಕೆಲಸ."

"ಬಿಟ್ಟು ಎಲ್ಲಿಗಣ್ಣಾ?" ಅಂದಳು ನಾದಿನಿ. "ಇನ್ನೊಂದು ಆಫೀಸಿನ ತೋಟಕ್ಕೆ. ಅಲ್ಲೂ ಇದೇ ಟೈಮು, ಇದೇ ಬೀಗ. ಟೀ ಶರ್ಟಿನ ಬಣ್ಣ ಬೇರೆ ಅಷ್ಟೆ."

ಇವರು ಹೋಗಿ ಅವಳಿಗೆ ಒಂದು ಚೊಂಬು ನೀರು ತಂದಿಟ್ಟರು.

ಮಾರ್ಚ್ 16, ಶನಿವಾರ

ನರ್ಸರಿಯ ಗೊಬ್ಬರದ ಗುಡ್ಡೆಯ ಹಿಂದೆ ಎಲ್ಲ ಹೆಂಗಸರೂ ಸೇರಿದೆವು.

ಕತ್ತರಿಯಕ್ಕ ಎಲ್ಲರಿಗಿಂತ ಹಿರಿಯಳು. ಗಿಡಕ್ಕೆ ಮಾತ್ರವಲ್ಲ, ಮಾತಿಗೂ ಕತ್ತರಿ. "ಕೆಲಸ ನಿಲ್ಸೋಣ. ಒಣಗಲಿ ಹಾಳಾದ್ದು."

ಬೇಡ ಅಂದೆ. ಹುಲ್ಲು ಒಣಗಿದರೆ ಹೊಸ ಕಂಪನಿಗೆ ದಾರಿ ನಾವೇ ಗುಡಿಸಿ ಕೊಟ್ಟ ಹಾಗೆ. ಕೆಲಸ ನಿಲ್ಲಿಸುವುದಲ್ಲ, ನಿಲ್ಲಿಸದೆ ಇರುವುದು! ಇಪ್ಪತ್ತೊಂದಕ್ಕೆ ಒಂಬತ್ತು ಹೊಡೆದರೂ ವ್ಯಾನು ಹತ್ತುವುದು ಬೇಡ. ಕತ್ತರಿ ಆಡುತ್ತಿರಲಿ. ಮ್ಯಾನೇಜರ್, ಕಂಟ್ರಾಕ್ಟರ್ ಇಬ್ಬರೂ ಒಂದೇ ಜಾಗದಲ್ಲಿ ಸಿಗುವ ದಿನ ಅದೊಂದೇ. ಅಲ್ಲೇ ಕೇಳೋಣ.

"ಆಫೀಸಿನ ಗಾಜಿನಾಚೆಯಿಂದ ಎಲ್ಲರೂ ನೋಡ್ತಾರಲ್ಲಕ್ಕಾ," ಅಂದಳು ಹೊಸದಾಗಿ ಸೇರಿದವಳು.

"ನೋಡ್ಲಿ ಬಿಡೇ," ಅಂದಳು ಕತ್ತರಿಯಕ್ಕ. "ಅವತ್ತು ನಾನು ತಲೆ ಬಾಚ್ಕೊಂಡೇ ಬರ್ತೀನಿ."

ಮಾರ್ಚ್ 21, ಗುರುವಾರ, ಸಂಜೆ 4

ಮನೆಗೆ ಬಂದವಳೇ ಬರೆಯಲು ಕೂತೆ.

ಒಂಬತ್ತಕ್ಕೆ ಡ್ರೈವರ್ ಹಾರ್ನ್ ಹೊಡೆದ. ಹೊಡೆದ, ಹೊಡೆದ, ಸುಸ್ತಾಗಿ ಬೀಡಿ ಹಚ್ಚಿದ. ನಾವು ಬೇಲಿಗಿಡದ ತಲೆ ಸಮ ಮಾಡುತ್ತಲೇ ಇದ್ದೆವು. ಗಾಜಿನ ಗೋಡೆಯ ಒಳಗೆ ಕಾಫಿ ಕಪ್ಪು ಹಿಡಿದ ಮುಖಗಳು. ಮೊದಲು ಎರಡು. ಆಮೇಲೆ ಒಂದು ಸಾಲು.

ಹನ್ನೊಂದರ ಹೊತ್ತಿಗೆ ಬಂದರು. ಟೆಂಡರಿನವರು, ನಡುವೆ ಮ್ಯಾನೇಜರ್, ಪಕ್ಕಕ್ಕೆ ಅಂಟಿಕೊಂಡ ನಮ್ಮ ಕಂಟ್ರಾಕ್ಟರ್. ಮ್ಯಾನೇಜರ್ ಓಡಿ ಬಂದ.

"ಏನ್ರಮ್ಮ ಇದು! ಈ ಹೊತ್ತಲ್ಲಿ ಕೆಲಸ ಮಾಡಿ ಅಂತ ಯಾರು ಹೇಳಿದ್ದು?"

"ಗಿಡ ಹೇಳ್ತು ಸಾರ್," ಅಂದಳು ಕತ್ತರಿಯಕ್ಕ. "ಪಾಪ, ಅದಕ್ಕೆ ಟೈಮ್ ನೋಡೋಕೆ ಬರಲ್ಲ."

ಹೊಸ ಕಂಪನಿಯ ಮೇಡಂ ಕಪ್ಪು ಕನ್ನಡಕ ತೆಗೆದು ನಮ್ಮನ್ನು ತಲೆ ಎಣಿಸುವ ಹಾಗೆ ನೋಡಿದರು. "ನಮ್ಮ ಮಷೀನ್ ಬಂದರೆ ಇಷ್ಟು ಜನ ಬೇಕಾಗಲ್ಲ."

ನಾನು ಮುಂದೆ ಬಂದೆ. "ಎಷ್ಟು ಜನ ಅನ್ನೋ ಜಗಳ ಆಮೇಲೆ ಆಡೋಣ ಮೇಡಂ. ಒಬ್ಬಳನ್ನೇ ಇಟ್ಕೊಳ್ಳಿ. ಅವಳು ಉಚ್ಚೆಗೆ ಎಲ್ಲಿ ಹೋಗ್ಬೇಕು? ಮಷೀನಿಗೆ ಪೆಟ್ರೋಲ್ ಸಾಕು. ಓಡಿಸೋಳಿಗೆ?"

ಆ ಮೇಡಂ ನಮ್ಮ ಕಡೆಯವರಲ್ಲ, ಅದು ಗೊತ್ತು. ಆದರೆ ಲೆಕ್ಕದ ಮನುಷ್ಯೆ. ಮ್ಯಾನೇಜರ್ ಕಡೆ ತಿರುಗಿದರು. "ಇದು ಯಾರ ತಲೆಗೆ ಬರುತ್ತೆ? ನಿಮ್ಮದಾ, ನಮ್ಮದಾ?"

"ಕಂಟ್ರಾಕ್ಟರ್ ಜವಾಬ್ದಾರಿ," ಅಂದ ಮ್ಯಾನೇಜರ್.

ಗುತ್ತಿಗೆ ಕೈ ಜಾರುವುದು ಕಂಡು ಕಂಟ್ರಾಕ್ಟರ್ ಬಾಯಿ ಹರಿಬಿಟ್ಟ. "ಏನ್ ಸಾರ್ ಹೀಗಂತೀರಾ? ಇವರಿಗೆ ಬಾಗಿಲು ತೆರೆಯೋ ಕಾರ್ಡ್ ಕೊಡಿ ಅಂದಾಗ, ಮಣ್ಣು ಕಾಲಲ್ಲಿ ಒಳಗೆ ಬೇಡ ಅಂದಿದ್ದು ಯಾರು?"

"ನೀವು ಒಪ್ಪಿದ್ರಲ್ರೀ! ಅವರಿಗೆ ಕಟ್ಕೊಂಡಿದ್ದು ಅಭ್ಯಾಸ ಇದೆ ಅಂದಿದ್ದು ನೀವೇ ತಾನೇ?"

ಅಭ್ಯಾಸ.

ಅಂದರೆ ಚೆಂಡಾಟವೂ ಸುಳ್ಳು. ಇಬ್ಬರೂ ಕೂತು, ಚಹಾ ಕುಡಿದು, ನಮ್ಮ ಹೊಟ್ಟೆಯ ಕೆಳಗಿನ ಮಾತನ್ನು ಎಂದೋ ಮುಗಿಸಿಕೊಂಡಿದ್ದಾರೆ.

"ನನ್ನ ನಾದಿನಿಯ ಕಿಡ್ನಿಗೆ ಅಭ್ಯಾಸ ಆಗ್ಲಿಲ್ಲ ಸಾರ್," ಅಂದೆ. ಕಿರುಚಲಿಲ್ಲ. ಗಾಜಿನ ಬಾಗಿಲು ತೆರೆದು ನಿಂತಿದ್ದ ಆಫೀಸಿನ ಹುಡುಗಿಯರಿಗೂ ಕೇಳಿತು. ಒಬ್ಬಳು ತನ್ನ ಕಾರ್ಡು ಬಿಚ್ಚಿ ಚಾಚಿದಳು — "ಬನ್ನಿ, ಹೋಗಿ ಬನ್ನಿ."

ಇಸಿದುಕೊಳ್ಳಲಿಲ್ಲ. "ಇವತ್ತಿನ ಮಟ್ಟಿಗಲ್ಲಮ್ಮ, ದಿನಾ ಬೇಕು. ಯಾರಿಗೆ ಟೆಂಡರ್ ಸಿಕ್ಕಿದ್ರೂ ಅದರಲ್ಲಿ ಬರೀಬೇಕು. ಕೆಲಸ ಹಗಲಲ್ಲಿ. ಬಾಗಿಲಿಗೆ ನಮ್ಮದೇ ಕಾರ್ಡು. ಈಗಿರೋರು ಯಾರನ್ನೂ ಕೆಲಸದಿಂದ ತೆಗೆಯೋ ಹಾಗಿಲ್ಲ."

ಮಾರ್ಚ್ 22, ಶುಕ್ರವಾರ

ಬೆಳಗ್ಗೆ ಗಾರ್ಡು ಬಂದು ಹೇಳಿದ: "ನಾಳೆ ಆರಕ್ಕೆ ಗೇಟ್ ಹತ್ರ ಒಬ್ಬಳು ಬರ್ಬೇಕಂತೆ. ಸಾರ್ ಮಾತಾಡ್ತಾರೆ."

"ಗೇಟ್ ಹತ್ರ ನಾಯಿ ಜೊತೆ ಮಾತಾಡ್ಲಿ," ಅಂದಳು ಕತ್ತರಿಯಕ್ಕ.

ನಾನು ಹೇಳಿ ಕಳಿಸಿದೆ — ಒಬ್ಬಳಲ್ಲ, ಎಲ್ಲರೂ. ಗೇಟಲ್ಲಲ್ಲ, ಒಳಗೆ. ಕಂಟ್ರಾಕ್ಟರೂ ಅದೇ ಮೇಜಿಗೆ. ಅಲ್ಲಿಯವರೆಗೆ ದಿನವೂ ಒಂಬತ್ತರ ಮೇಲೆ ಕತ್ತರಿ ಆಡುತ್ತಿರುತ್ತದೆ.

ಕಂಟ್ರಾಕ್ಟರ್ ಫೋನ್ ಮಾಡಿ ಹೆದರಿಸಿದ. ಸ್ಪೀಕರ್ ಹಾಕಿ ಎಲ್ಲರಿಗೂ ಕೇಳಿಸಿದೆ.

ನಾದಿನಿ ನಾನೂ ಬರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಬರಲಿ. ಮೊದಲು ಮಾತಾಡಬೇಕಾದವಳು ಅವಳು.

ಮಧ್ಯಾಹ್ನ ಗಾರ್ಡು ಮತ್ತೆ ಬಂದ. ಒಪ್ಪಿದ್ದಾರೆ. ಮೊದಲ ಮಹಡಿ, ಮೀಟಿಂಗ್ ರೂಮು. ಮಾರ್ಚ್ 26, ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ. ಒಂಬತ್ತಕ್ಕೆ ತೆರೆಯುವ ಆ ಬಾಗಿಲಿಂದಲೇ, ಎಲ್ಲರೂ.